ಆಡಬಲ್ಲವರು, ಕಲಿಸಬಲ್ಲವರು

ವಿದ್ಯೆಯನ್ನು ಬಲ್ಲವರೆಲ್ಲರೂ ಅದನ್ನು ಕಲಿಸಬಲ್ಲವರಲ್ಲ. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ ನಾಟಕದಲ್ಲಿ ಇಬ್ಬರು ನಾಟ್ಯಾಚಾರ್ಯರಿಗೆ ತಮ್ಮಲ್ಲಿ ಯಾರು ಮೇಲೆಂಬ ವಿವಾದ ಹುಟ್ಟಿದಾಗ ಏಳುವ ಪ್ರಶ್ನೆಯೂ ಇದೇ. ಅಲ್ಲಿ ಗುರುವಿನ ಯೋಗ್ಯತೆಯನ್ನು ಶಿಷ್ಯೆಯ ಪ್ರಯೋಗದಿಂದ ಅಳೆಯುತ್ತಾರೆ. ಎರಡರಲ್ಲಿಯೂ ಸಮನಾಗಿ ಸಿದ್ಧಿ ಪಡೆದವರು ವಿರಳ. ಕ್ರೀಡೆಯ ಇತಿಹಾಸದಲ್ಲಿ ಅಂಥವರನ್ನು ಹುಡುಕಿದರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಗುರು ಜಾನ್ ವುಡನ್ ಅವರ ಹೆಸರು ಮೊದಲ ಸಾಲಿನಲ್ಲಿಯೇ ದೊರೆಯುತ್ತದೆ.

ವುಡನ್ನರು 1910ರ ಅಕ್ಟೋಬರ್ 14ರಂದು ಇಂಡಿಯಾನಾ ಸಂಸ್ಥಾನದ ಒಂದು ಒಕ್ಕಲು ಮನೆತನದಲ್ಲಿ ಜನಿಸಿದರು. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ 1930, 1931, 1932 ಹೀಗೆ ಮೂರು ವರ್ಷವೂ ಅಖಿಲ ಅಮೆರಿಕ ಶ್ರೇಷ್ಠ ಆಟಗಾರರ ಸಾಲಿಗೆ ಸೇರಿದರು. ಆದರೆ ಪದವಿ ಪಡೆದ ಮೇಲೆ ಅವರು ಹಿಡಿದ ಮುಖ್ಯ ವೃತ್ತಿ ಪ್ರೌಢಶಾಲೆಯ ಇಂಗ್ಲಿಷ್ ಉಪಾಧ್ಯಾಯರದು. ಪಾಠದೊಡನೆ ಆಟವನ್ನೂ ಕಲಿಸಿದರು. ಮೊದಲ ವರ್ಷ ಅವರ ಶಾಲಾ ತಂಡವು ಗೆದ್ದುದಕ್ಕಿಂತ ಸೋತದ್ದೇ ಹೆಚ್ಚು.

ಮಕ್ಕಳ ಪರಿಶ್ರಮವನ್ನು ತಂದೆತಾಯಿಗಳು ಅಂಕಗಳಿಂದ ಮಾತ್ರ ಅಳೆಯುವುದನ್ನು ಕಂಡು ಅವರು ನೊಂದರು. ತನ್ನ ಶಕ್ತಿಯಿದ್ದಷ್ಟೂ ದುಡಿದೆನೆಂಬ ನೆಮ್ಮದಿಯೇ ಯಶಸ್ಸೆಂಬ ನಿರೂಪಣೆಯನ್ನು 1934ರ ಸುಮಾರಿಗೆ ರೂಪಿಸಿಕೊಂಡರು. ಮುಂದಿನ ಅವರ ಬೋಧನೆಗೆಲ್ಲ ಇದೇ ತಳಹದಿ.

ಮಹಾಯುದ್ಧದಲ್ಲಿ ನೌಕಾದಳದ ಸೇವೆ ಮುಗಿಸಿ, 1946ರಲ್ಲಿ ಇಂಡಿಯಾನಾ ಸಂಸ್ಥಾನದ ಉಪಾಧ್ಯಾಯರ ಕಾಲೇಜಿಗೆ ತರಬೇತುದಾರರಾಗಿ ಬಂದರು. ಮರುವರ್ಷ ಅವರ ತಂಡಕ್ಕೆ ರಾಷ್ಟ್ರೀಯ ಪಂದ್ಯಾವಳಿಯ ಕರೆ ಬಂದಿತು. ಆದರೆ ಕರಿಯ ಜನಾಂಗದವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಕರಿಯ ತರುಣನಿದ್ದನು. ಅವನೇನೂ ಹೆಸರಾಂತ ಆಟಗಾರನಲ್ಲ. ಅವನನ್ನು ಮನೆಯಲ್ಲಿ ಬಿಟ್ಟು ಹೋಗಿದ್ದರೂ ಆ ಕಾಲದ ಲೋಕ ಆಕ್ಷೇಪಿಸುತ್ತಿರಲಿಲ್ಲ. ವುಡನ್ನರು ಕರೆಯನ್ನೇ ನಿರಾಕರಿಸಿದರು. 1948ರಲ್ಲಿ ನಿಷೇಧ ತೆಗೆದುಹಾಕಲ್ಪಟ್ಟಿತು, ವಾಕರ್ ಆಡಿದನು, ತಂಡ ಅಂತಿಮ ಪಂದ್ಯದವರೆಗೆ ನಡೆದು ಸೋತಿತು. ವುಡನ್ನರ ಗೆಲುವುಗಳಿಗಿಂತ ಈ ಸೋಲೇ ನಮಗೆ ಹಿರಿದಾಗಿ ತೋರುತ್ತದೆ.

ಅದೇ ವರ್ಷ ಅವರು ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವನ್ನು ಸೇರಿದರು. ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದುದು 1964ರಲ್ಲಿ, ಹದಿನಾರನೆಯ ವರ್ಷದ ಆಟದಲ್ಲಿ! ಅಲ್ಲಿಂದ 1975ರಲ್ಲಿ ನಿವೃತ್ತರಾಗುವವರೆಗಿನ 12 ವರ್ಷಗಳಲ್ಲಿ 10 ಪ್ರಶಸ್ತಿಗಳು. ಅವುಗಳಲ್ಲಿ 7 ಎಡೆಬಿಡದೆ, 1967ರಿಂದ 1973ರವರೆಗೆ. ಒಮ್ಮೆ ಸತತವಾಗಿ 88 ಪಂದ್ಯಗಳನ್ನು ಅವರ ತಂಡ ಗೆದ್ದಿತು. ಇಷ್ಟಾದರೂ ಪ್ರತಿ ವರ್ಷದ ಮೊದಲ ಪಾಠ ಕಾಲುಚೀಲ ತೊಡುವುದು. ಚೀಲ ಸುಕ್ಕುಗಟ್ಟಿದರೆ ಬೊಬ್ಬೆ ಏಳುತ್ತದೆ. ಬೊಬ್ಬೆ ಎದ್ದವನು ಓಡಲಾರನು. ದೇಶವೇ ಕೊಂಡಾಡುವ ಆಟಗಾರರಿಗೂ ಈ ಓನಾಮದಿಂದ ಬಿಡುಗಡೆಯಿರಲಿಲ್ಲ.

ಬ್ಯಾಸ್ಕೆಟ್‌ಬಾಲ್ ಕೀರ್ತಿಭವನವು ಅವರನ್ನು ಮೊದಲು ಆಟಗಾರರೆಂದೂ, 1973ರಲ್ಲಿ ತರಬೇತುದಾರರೆಂದೂ ಗೌರವಿಸಿತು. ಎರಡು ಬಗೆಯಲ್ಲಿಯೂ ಈ ಮನ್ನಣೆ ಪಡೆದವರಲ್ಲಿ ಅವರೇ ಮೊದಲಿಗರು. 2010ರ ಜೂನ್ 4ರಂದು, ನೂರಕ್ಕೆ ಕೆಲವೇ ತಿಂಗಳು ಉಳಿದಿರಲು, ಕಾಲವಶರಾದರು.

ಗಡಿನಾಡಿನ ನಮ್ಮ ಕನ್ನಡ ಶಾಲೆಗಳಿಗೆ ಈ ಚರಿತ್ರೆ ದೂರದ್ದಲ್ಲ. ಅಂಕಪಟ್ಟಿ ಕೈಗೆ ಬಂದಾಗ ಮಗುವಿನ ದುಡಿಮೆಯನ್ನು ಮೊದಲು ಕೇಳೋಣ. ಹದಿನೈದು ವರ್ಷ ಫಲ ಕಾಣದಿದ್ದರೂ ಅಕ್ಷರವನ್ನು ತಿದ್ದಿಸುತ್ತಲೇ ಇರೋಣ. ಒಂದು ಮಗುವನ್ನು ಹೊರಗೆ ನಿಲ್ಲಿಸಿ ದೊರೆಯುವ ಗೌರವ ಯಾವುದಾದರೂ ಇದ್ದರೆ, ಅದು ನಮಗೆ ಬೇಡ.