ದೊಡ್ಡ ಅಂಗಳಕ್ಕೆ ರೈಡಿಂಗ್ ಮೋವರ್: ಕೊಳ್ಳುವ ಮೊದಲು ನೋಡಬೇಕಾದ ಲೆಕ್ಕಗಳು

ಮಂಜೇಶ್ವರದಿಂದ ಕಾಸರಗೋಡಿನ ತನಕ ಊರೊಳಗೆ ಹೋದರೆ ಹೊಸ ಮನೆಗಳ ಮುಂದೆ ವಿಶಾಲ ಹುಲ್ಲುಹಾಸು ಕಾಣಸಿಗುತ್ತದೆ. ಮನೆಯವರು ಗಲ್ಫ್‌ನಲ್ಲಿ, ಅಂಗಳ ನೋಡಿಕೊಳ್ಳುವುದು ಊರಲ್ಲಿರುವ ತಂದೆ ಅಥವಾ ತಮ್ಮ. ಜೂನ್‌ನಿಂದ ಮಳೆ ಹಿಡಿದರೆ ಎರಡು ವಾರ ಬಿಟ್ಟ ಹುಲ್ಲಿನಲ್ಲಿ ಪಾದ ಮುಳುಗುತ್ತದೆ. ಹುಲ್ಲು ಹೆರೆಯಲು ಆಳು ಸಿಗುವುದಿಲ್ಲ. ಹಾಗಾಗಿ ಕುಳಿತು ಓಡಿಸುವ ಯಂತ್ರ, ಅಂದರೆ ರೈಡಿಂಗ್ ಮೋವರ್ ತೆಗೆದುಬಿಡೋಣ ಎಂಬ ಮಾತು ಬರುತ್ತದೆ. ಇದು ಲಕ್ಷಗಳ ವ್ಯವಹಾರ. ವಿಡಿಯೋ ನೋಡಿ ತೀರ್ಮಾನಿಸುವಂಥದ್ದಲ್ಲ.

ಮೊದಲು ಜಾಗ ಅಳೆಯಿರಿ

ಒಂದು ಎಕರೆ ಎಂದರೆ 100 ಸೆಂಟ್ಸ್, ಒಂದು ಸೆಂಟ್ ಎಂದರೆ 435.6 ಚದರ ಅಡಿ. ಲೆಕ್ಕಕ್ಕೆ ಬೇಕಾದದ್ದು ಆಧಾರದಲ್ಲಿರುವ ಜಾಗವಲ್ಲ. ಮನೆ, ಇಂಟರ್‌ಲಾಕ್, ಬಾವಿಕಟ್ಟೆ, ಶೆಡ್ ಎಲ್ಲ ಕಳೆದು ಉಳಿಯುವ ಹುಲ್ಲಿನ ಜಾಗ ಮಾತ್ರ. 60 ಸೆಂಟ್ಸ್ ಕಂಪೌಂಡಿನಲ್ಲಿ ಹುಲ್ಲು 25 ಸೆಂಟ್ಸ್ ಕೂಡ ಇರುವುದಿಲ್ಲ.

ಸಮಯದ ಲೆಕ್ಕ ಸುಲಭ. ರೈಡಿಂಗ್ ಮೋವರ್‌ನ ಬ್ಲೇಡ್ ಇರುವ ತಟ್ಟೆಗೆ ಡೆಕ್ ಎನ್ನುತ್ತಾರೆ. 42 ಇಂಚಿನ ಡೆಕ್ ಗಂಟೆಗೆ 5 ಕಿ.ಮೀ. ವೇಗದಲ್ಲಿ ಓಡಿದರೆ, ತಿರುಗಿಸುವ ಸಮಯವೂ ಸೇರಿ, ಒಂದು ಎಕರೆಗೆ ಸುಮಾರು ಒಂದು ಗಂಟೆ. ಹಿಂದಿನಿಂದ ನಡೆಯುತ್ತಾ ಓಡಿಸುವ 21 ಇಂಚಿನ ಮೋವರ್‌ಗೆ ಅದೇ ಒಂದು ಎಕರೆಗೆ ಎರಡು ಗಂಟೆ ಇಪ್ಪತ್ತು ನಿಮಿಷದಷ್ಟು ಬೇಕು. 25 ಸೆಂಟ್ಸ್ ಆದರೆ ನಡೆದುಕೊಂಡೇ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಹಾಗಾಗಿ ಅರ್ಧ ಎಕರೆಗಿಂತ ಕಡಿಮೆ ಹುಲ್ಲಿಗೆ ರೈಡಿಂಗ್ ಮೋವರ್ ದಂಡ. ಅರ್ಧದಿಂದ ಒಂದು ಎಕರೆಯವರು ಯೋಚಿಸಬಹುದು. ಒಂದು ಎಕರೆ ದಾಟಿದರೆ ಮಾತ್ರ ಅದು ನಿಜವಾಗಿ ಕೆಲಸಕ್ಕೆ ಬರುತ್ತದೆ.

ಇಳಿಜಾರು, ಕಲ್ಲು, ಮರ

ಕಾಸರಗೋಡಿನ ನೆಲ ಸಪಾಟಾಗಿಲ್ಲ. ಹೆಚ್ಚಿನ ರೈಡಿಂಗ್ ಮೋವರ್‌ಗಳ ಕೈಪಿಡಿಗಳು 15 ಡಿಗ್ರಿಗಿಂತ ಹೆಚ್ಚಿನ ಇಳಿಜಾರಿನಲ್ಲಿ ಓಡಿಸಬೇಡಿ ಎನ್ನುತ್ತವೆ. ಅಳೆಯುವುದು ಹೀಗೆ: ಒಂದು ಮೀಟರ್ ಉದ್ದದ ಪಟ್ಟಿಯ ಒಂದು ತುದಿಯನ್ನು ನೆಲಕ್ಕೆ ತಾಗಿಸಿ, ರಸಮಟ್ಟ ಇಟ್ಟು ನೇರ ಹಿಡಿಯಿರಿ. ಇನ್ನೊಂದು ತುದಿಯಿಂದ ನೆಲಕ್ಕೆ 27 ಸೆಂ.ಮೀ.ಗಿಂತ ಹೆಚ್ಚು ಅಂತರ ಇದ್ದರೆ ಅಲ್ಲಿ ಯಂತ್ರ ಹತ್ತಿಸಬಾರದು. ಇಳಿಜಾರಿನಲ್ಲಿ ಇದನ್ನು ಮೇಲೆ ಕೆಳಗೆ ಓಡಿಸಬೇಕು, ಅಡ್ಡಕ್ಕೆ ಓಡಿಸಿದರೆ ಮಗುಚುವ ಅಪಾಯ. ನಡೆದು ಓಡಿಸುವ ಮೋವರ್‌ಗೆ ಇದು ಉಲ್ಟಾ, ಅಡ್ಡಕ್ಕೇ ಓಡಿಸಬೇಕು. ಒದ್ದೆ ಹುಲ್ಲಿನಲ್ಲಿ ಚಕ್ರ ಜಾರುವುದರಿಂದ ಮಳೆ ನಿಂತ ತಕ್ಷಣ ಇಳಿಯಬಾರದು.

ಮಣ್ಣಿನಿಂದ ತಲೆ ಎತ್ತಿರುವ ಕೆಂಪುಕಲ್ಲು ಇದ್ದರೆ ಬ್ಲೇಡ್ ಹೋಗುವುದಷ್ಟೇ ಅಲ್ಲ, ಬ್ಲೇಡ್ ತಿರುಗಿಸುವ ಶಾಫ್ಟ್ ಕೂಡ ಬಾಗುತ್ತದೆ. ಅಂಥ ಕಲ್ಲನ್ನು ಮೊದಲು ತೆಗೆಸಬೇಕು.

"ತೋಟಕ್ಕೂ ಆಗುತ್ತದೆ" ಎಂಬ ಮಾತನ್ನು ಪರೀಕ್ಷಿಸಿ ನೋಡಬೇಕು. ತೆಂಗಿನ ಮರಗಳ ನಡುವೆ ಸಾಮಾನ್ಯವಾಗಿ 7.5 ಮೀಟರ್ ಅಂತರ ಇರುತ್ತದೆ, ನೆಲ ಸಪಾಟಿದ್ದರೆ ಯಂತ್ರ ಹೋಗಬಹುದು. ಅಡಿಕೆ ತೋಟದಲ್ಲಿ ಅಂತರ 2.7 ಮೀಟರ್. ಅಗಲ ಸಾಕಾದರೂ ಕಣಿ, ಬುಡದ ಗುಂಡಿ, ಸ್ಪ್ರಿಂಕ್ಲರ್ ಪೈಪು, ಬಿದ್ದ ಸೋಗೆ ಎಲ್ಲ ಅಡ್ಡ ಬರುತ್ತವೆ. ಅಲ್ಲಿಗೆ ಹೆಗಲಿಗೆ ಹಾಕುವ ಬ್ರಷ್ ಕಟ್ಟರ್ ಸಾಕು. ಬೆಳೆದು ನಿಂತ ಕಮ್ಯುನಿಸ್ಟ್ ಗಿಡ, ಪೊದೆಗಳಿಗೂ ಅದೇ ಬೇಕು. ರೈಡಿಂಗ್ ಮೋವರ್ ಇರುವುದು ನಿಯಮಿತವಾಗಿ ಕತ್ತರಿಸುವ ಹುಲ್ಲಿಗೆ, ಕಾಡು ಕಡಿಯಲು ಅಲ್ಲ.

ಯಂತ್ರದಲ್ಲಿ ಏನು ನೋಡಬೇಕು?

ಡೆಕ್: ಒಂದು ಎಕರೆಯ ಒಳಗೆ 30ರಿಂದ 42 ಇಂಚು ಸಾಕು. ಗೇಟು ಮತ್ತು ಶೆಡ್ ಬಾಗಿಲಿನ ಅಗಲ ಅಳೆದುಕೊಂಡೇ ಅಂಗಡಿಗೆ ಹೋಗಬೇಕು.

ಗೇರ್: ಗೇರ್ ಬದಲಿಸುವ ಮಾದರಿ ಅಗ್ಗ. ಹೈಡ್ರೋಸ್ಟ್ಯಾಟಿಕ್ ಮಾದರಿಯಲ್ಲಿ ಕ್ಲಚ್ ಗೋಜಿಲ್ಲದೆ ಪೆಡಲ್‌ನಿಂದ ವೇಗ ಬದಲಿಸಬಹುದು. ಮರಗಳ ಸುತ್ತ ಹೆಚ್ಚು ತಿರುಗಿಸುವ ಅಂಗಳಕ್ಕೆ ಇದೇ ಒಳ್ಳೆಯದು.

ಝೀರೋ ಟರ್ನ್: ನಿಂತಲ್ಲೇ ತಿರುಗುತ್ತದೆ, ಕೆಲಸ ಬೇಗ. ಬೆಲೆ ಹೆಚ್ಚು, ಇಳಿಜಾರಿನಲ್ಲಿ ಹಿಡಿತ ಕಡಿಮೆ. ಸಪಾಟು ಮೈದಾನಕ್ಕೆ ಮಾತ್ರ.

ಕತ್ತರಿಸುವ ಎತ್ತರ: ಒಂದು ಸಲಕ್ಕೆ ಹುಲ್ಲಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು, ಬೇರು ಸೋಲುತ್ತದೆ. ಹಾಗಾಗಿ ಎತ್ತರ ಬದಲಿಸುವ ಹಂತಗಳು ಹೆಚ್ಚಿದ್ದಷ್ಟೂ ಅನುಕೂಲ.

ಪೆಟ್ರೋಲ್: ಇಲ್ಲಿನ ಪಂಪುಗಳಲ್ಲಿ ಈಗ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್ ಬರುತ್ತಿದೆ. ಹಲವು ವಿದೇಶಿ ಎಂಜಿನ್‌ಗಳ ಕೈಪಿಡಿಯಲ್ಲಿ ಇರುವುದು 10 ಶೇಕಡಾ ಮಿತಿ. 20 ಶೇಕಡಾ ಆಗುತ್ತದೆಯೇ ಎಂದು ಡೀಲರ್‌ನಿಂದ ಬರವಣಿಗೆಯಲ್ಲೇ ಕೇಳಿ. ಕತ್ತರಿಸುವ ಕಾಲ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರ್ ಒಣಗುವ ತನಕ ಎಂಜಿನ್ ಓಡಿಸಬೇಕು. ಎಥನಾಲ್ ನೀರು ಹೀರುತ್ತದೆ, ಕಡಲ ಬದಿಯ ತೇವದಲ್ಲಿ ತಿಂಗಳುಗಟ್ಟಲೆ ನಿಂತರೆ ಮುಂದಿನ ಸಲ ಸ್ಟಾರ್ಟ್ ಆಗುವುದೇ ಕಷ್ಟ.

ಬೆಲೆಯಲ್ಲ, ಒಂದು ಸಲದ ಖರ್ಚು ನೋಡಿ

ಒಂದು ಉದಾಹರಣೆ. ಯಂತ್ರಕ್ಕೆ 3 ಲಕ್ಷ ರೂಪಾಯಿ, 10 ವರ್ಷದ ನಂತರ ಮಾರಿದರೆ 50 ಸಾವಿರ ಸಿಗುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಸವಕಳಿ 25 ಸಾವಿರ. ಬೆಲ್ಟ್, ಬ್ಲೇಡ್, ಬ್ಯಾಟರಿ, ಸರ್ವೀಸ್ ಸೇರಿ ವರ್ಷಕ್ಕೆ 15 ಸಾವಿರ ಹಿಡಿಯಿರಿ. ಒಟ್ಟು 40 ಸಾವಿರ. ಜೂನ್‌ನಿಂದ ನವೆಂಬರ್ ತನಕ ವಾರಕ್ಕೊಮ್ಮೆಯಂತೆ 24 ಸಲ, ನೀರು ಹಾಯಿಸುವವರಾದರೆ ಉಳಿದ ತಿಂಗಳಲ್ಲಿ 12 ಸಲ, ಒಟ್ಟು 36. ಅಂದರೆ ಒಂದು ಸಲಕ್ಕೆ 1,100 ರೂಪಾಯಿಗೂ ಹೆಚ್ಚು, ಪೆಟ್ರೋಲ್ ಬೇರೆ. ನಿಮ್ಮ ಊರಿನಲ್ಲಿ ಕಟ್ಟರ್ ತಂದು ಹುಲ್ಲು ಹೆರೆಯುವ ಹುಡುಗರು ಅದೇ ಜಾಗಕ್ಕೆ ಎಷ್ಟು ಕೇಳುತ್ತಾರೆ ಎಂದು ಹೋಲಿಸಿ. ಅವರು ಕೇಳುವುದು ಕಡಿಮೆಯಾದರೆ ಯಂತ್ರ ಬೇಡ, ಊರಿನ ಹುಡುಗರಿಗೇ ಕೆಲಸ ಕೊಡುವುದು ಲಾಭ. ಮೂರು ನಾಲ್ಕು ಮನೆಯವರು ಸೇರಿ ಒಂದು ಯಂತ್ರ ತೆಗೆದರೂ ಲೆಕ್ಕ ಸರಿಹೋಗುತ್ತದೆ.

ಅಂಗಡಿ ಮತ್ತು ಕಾಗದ

ಮಂಗಳೂರಿನಲ್ಲಿ ಕೊಂಡು ಕುಂಬಳೆಯಲ್ಲಿ ಓಡಿಸುವವರು ಮೊದಲೇ ಕೇಳಬೇಕಾದ ಪ್ರಶ್ನೆ: ಕೆಟ್ಟರೆ ಮೆಕ್ಯಾನಿಕ್ ತಲಪಾಡಿ ದಾಟಿ ಬರುತ್ತಾನೋ, ಯಂತ್ರವನ್ನು ನಾವೇ ಪಿಕಪ್‌ನಲ್ಲಿ ಹೊರಬೇಕೋ? ಬೆಲ್ಟ್ ಮತ್ತು ಬ್ಲೇಡ್ ಸ್ಟಾಕ್ ಇದೆಯೋ? ಎಂಜಿನ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಇಲ್ಲದೆ ಹಣ ಕೊಡಬೇಡಿ. ಬಾಡಿಗೆಗೆ ಓಡಿಸುವ ಆಲೋಚನೆ ಇದ್ದರೆ ವಾರಂಟಿ ಷರತ್ತು ಓದಿ. ಮನೆ ಬಳಕೆಗಿಂತ ವಾಣಿಜ್ಯ ಬಳಕೆಗೆ ವಾರಂಟಿ ಅವಧಿ ಸಾಮಾನ್ಯವಾಗಿ ಕಡಿಮೆ.

ಕೃಷಿ ಯಂತ್ರಗಳಿಗೆ ಸರಕಾರದ ಸಬ್ಸಿಡಿ ಇದೆ, ಆದರೆ ಅದು ಕೃಷಿಕರಿಗೆ. ತೋಟಕ್ಕೆ ಬ್ರಷ್ ಕಟ್ಟರ್ ಬೇಕಿದ್ದರೆ, ಜಾಗ ಕೇರಳದಲ್ಲಿದ್ದವರು ಕೃಷಿ ಭವನದಲ್ಲಿ, ಕರ್ನಾಟಕದಲ್ಲಿದ್ದವರು ರೈತ ಸಂಪರ್ಕ ಕೇಂದ್ರದಲ್ಲಿ ಯಂತ್ರ ಕೊಳ್ಳುವ ಮೊದಲೇ ವಿಚಾರಿಸಿ. ಮನೆ ಮುಂದಿನ ಲಾನ್‌ಗೆ ಸಬ್ಸಿಡಿ ಕೊಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಿ ಮುಂಗಡ ಕೊಡಬೇಡಿ.

ಮಕ್ಕಳಿರುವ ಮನೆಯಲ್ಲಿ

ಅಜ್ಜನ ಮಡಿಲಲ್ಲಿ ಮೊಮ್ಮಗುವನ್ನು ಕೂರಿಸಿ ಒಂದು ಸುತ್ತು ಹಾಕುವುದು ನೋಡಲು ಚಂದ, ಆದರೆ ಅತಿ ಅಪಾಯದ ಕೆಲಸ. ಜಾರಿ ಬಿದ್ದ ಮಗು ನೇರ ಬ್ಲೇಡಿನ ದಾರಿಗೆ ಬೀಳುತ್ತದೆ. ಹಿಂದಕ್ಕೆ ತೆಗೆಯುವಾಗ ಹಿಂದೆ ಓಡಿಬಂದ ಮಗು ಕಾಣುವುದೂ ಇಲ್ಲ. ಯಂತ್ರ ಓಡುವಷ್ಟು ಹೊತ್ತು ಮಕ್ಕಳು ಮನೆಯೊಳಗೇ ಇರಬೇಕು. ರೈಡಿಂಗ್ ಮೋವರ್ ಓಡಿಸಲು ಕನಿಷ್ಠ 16 ವರ್ಷ, ನಡೆದು ಓಡಿಸುವುದಕ್ಕೆ 12 ವರ್ಷ ಆಗಿರಬೇಕು ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ.

ಸೀಟಿನಿಂದ ಎದ್ದ ಕೂಡಲೇ ಬ್ಲೇಡ್ ನಿಲ್ಲಿಸುವ ಸ್ವಿಚ್ ಈ ಯಂತ್ರಗಳಲ್ಲಿ ಇರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನೇ ಮೊದಲು ಪರೀಕ್ಷಿಸಬೇಕು. ತೊಂದರೆ ಎಂದು ಅದರ ವೈರ್ ಜೋಡಿಸಿಟ್ಟ ಯಂತ್ರ ಎಷ್ಟೇ ಅಗ್ಗಕ್ಕೆ ಬಂದರೂ ಬೇಡ. ಡೆಕ್‌ನಲ್ಲಿ ಹುಲ್ಲು ಸಿಕ್ಕಿಕೊಂಡರೆ ಎಂಜಿನ್ ಆಫ್ ಮಾಡಿ, ಕೀ ತೆಗೆದು, ಬ್ಲೇಡ್ ಪೂರ್ತಿ ನಿಂತ ಮೇಲೆಯೇ ಹತ್ತಿರ ಹೋಗಿ. ತೆಗೆಯಲು ಕೋಲು ಬಳಸಿ, ಕೈ ಹಾಕಬೇಡಿ. ಕಾಲಿಗೆ ಶೂ, ಕಿವಿಗೆ ರಕ್ಷಣೆ ಇರಲಿ. ಹವಾಯಿ ಚಪ್ಪಲಿಯಲ್ಲಿ ಈ ಕೆಲಸ ಮಾಡಬಾರದು.

ಹುಲ್ಲು ಒಂದು ಎಕರೆಗೆ ಹತ್ತಿರ, ನೆಲ ಸಪಾಟು, ಹತ್ತಿರದಲ್ಲಿ ಮೆಕ್ಯಾನಿಕ್, ಮಳೆ ತಾಗದ ಶೆಡ್: ಈ ನಾಲ್ಕೂ ಇದ್ದವರು ಧೈರ್ಯವಾಗಿ ಕೊಳ್ಳಬಹುದು. ಒಂದು ಇಲ್ಲದಿದ್ದರೂ, ಸ್ವಂತ ಬಲದಿಂದ ಚಲಿಸುವ 21 ಇಂಚಿನ ಮೋವರ್ ಮತ್ತು ಒಂದು ಬ್ರಷ್ ಕಟ್ಟರ್ ಸೇರಿದರೆ ಹೆಚ್ಚಿನ ಮನೆಗಳ ಕೆಲಸ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ.