ದೇವರೊಡನೆ ಸಮಾಧಾನ: ಎಡೆದೊರೆ ನಾಡಿನಿಂದ ಒಂದು ಚಿಂತನೆ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ಭೂಮಿಯನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ರಾಯಚೂರು, ಮಾನ್ವಿ, ದೇವದುರ್ಗ, ಹಳೆಯ ಗುಡಿಗಳನ್ನೂ ಶಾಸನಗಳನ್ನೂ ಉಳಿಸಿಕೊಂಡು ಬಂದಿರುವ ಕಲ್ಲೂರು, ಪಶ್ಚಿಮದ ಮುದಗಲ್ಲು, ಇವೆಲ್ಲ ಈ ನಾಡಿಗೆ ಸೇರಿದವು. ಕಪ್ಪು ಮಣ್ಣಿನ ಈ ಸೀಮೆಗಾಗಿ ವಿಜಯನಗರದವರೂ ಬಹಮನಿಗಳೂ, ಆನಂತರ ಬಿಜಾಪುರದ ಆದಿಲಶಾಹಿಗಳೂ ತಲೆಮಾರುಗಟ್ಟಲೆ ಕಾದಾಡಿದರು. ಯುದ್ಧವೆಂದರೇನು, ಸಂಧಿಯೆಂದರೇನು ಎಂಬುದನ್ನು ಇಲ್ಲಿಯ ಜನರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

1520ರ ಮೇ 19ರಂದು ರಾಯಚೂರಿನ ಬಳಿ ನಡೆದ ಮಹಾಯುದ್ಧದಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಹನನ್ನು ಸೋಲಿಸಿದನು. ಪೋರ್ಚುಗೀಸ್ ಕೋವಿಗಾರರೂ ರಾಯನ ಪಕ್ಷದಲ್ಲಿದ್ದರು. ಈ ಯುದ್ಧದ ವಿವರವನ್ನು ನಮಗೆ ಬಿಟ್ಟುಹೋದವನು ಫೆರ್ನಾವೊ ನೂನಿಜ್ ಎಂಬ ಪೋರ್ಚುಗೀಸ್ ವ್ಯಾಪಾರಿ. ಅವನು ಬರೆದಿರುವಂತೆ, ಸೋತ ಸುಲ್ತಾನನು ಸಮಾಧಾನವನ್ನು ಬೇಡಿದಾಗ ಗೆದ್ದ ಅರಸನು ಒಂದು ಷರತ್ತನ್ನು ಮುಂದಿಟ್ಟನು: ಸುಲ್ತಾನನು ತಾನೇ ಬಂದು ರಾಯನ ಪಾದವನ್ನು ಮುದ್ದಿಡಬೇಕು. ಆ ಭೇಟಿಗಾಗಿ ರಾಯನು ಮುದಗಲ್ಲಿನವರೆಗೂ ಹೋದನು. ಸುಲ್ತಾನನು ಬರಲಿಲ್ಲ. ಸಮಾಧಾನವೂ ಆಗಲಿಲ್ಲ.

ಪ್ರಿಯ ಓದುಗರೇ, ಈ ಯುದ್ಧ ಮುಗಿದು ಒಂದು ತಿಂಗಳು ತುಂಬುವ ಮೊದಲೇ, ಅದೇ 1520ರ ಜೂನ್ 15ರಂದು, ಪೋಪ್ ಹತ್ತನೆಯ ಲಿಯೊ ಅವರು ಮಾರ್ಟಿನ್ ಲೂಥರ್ ಎಂಬ ಜರ್ಮನ್ ಅಗಸ್ಟೀನಿಯನ್ ಸನ್ಯಾಸಿಗೆ ಎಚ್ಚರಿಕೆಯ ಆಜ್ಞಾಪತ್ರವನ್ನು ಹೊರಡಿಸಿದರು. ಈ ಎರಡು ಘಟನೆಗಳಿಗೂ ಯಾವ ಸಂಬಂಧವೂ ಇಲ್ಲ. ಆದರೆ ರಾಯಚೂರಿನ ರಣರಂಗದಲ್ಲಿ ಎದ್ದ ಪ್ರಶ್ನೆಯೇ ಜರ್ಮನಿಯ ಆ ಮಠದ ಕೋಣೆಯಲ್ಲಿಯೂ ಬೇರೊಂದು ರೂಪದಲ್ಲಿ ಎದ್ದಿತ್ತು. ಬಲಹೀನನಾದವನು ಬಲಿಷ್ಠನೊಡನೆ ಸಮಾಧಾನವನ್ನು ಪಡೆಯುವುದು ಹೇಗೆ? ಪಾಪಿಯಾದ ಮಾನವನು ಪರಮಪವಿತ್ರರಾದ ದೇವರ ಮುಂದೆ ನಿಲ್ಲುವುದು ಯಾವ ಆಧಾರದ ಮೇಲೆ? ಕೊಡಬೇಕಾದ ಕಪ್ಪವೆಷ್ಟು, ಮುದ್ದಿಡಬೇಕಾದ ಪಾದ ಯಾವುದು?

ಲೂಥರನ ಕಾಲದ ಜನಸಾಮಾನ್ಯರ ಭಕ್ತಿಯಲ್ಲಿ ಈ ಪ್ರಶ್ನೆಗೆ ಲೆಕ್ಕದ ಪುಸ್ತಕದ ಉತ್ತರವೊಂದು ರೂಢಿಗೆ ಬಂದಿತ್ತು. ಇಷ್ಟು ಪಾಪಕ್ಕೆ ಇಷ್ಟು ಪ್ರಾಯಶ್ಚಿತ್ತ, ಇಷ್ಟು ಕಾಣಿಕೆಗೆ ಇಷ್ಟು ದಂಡವಿಮೋಚನೆ ಎಂಬ ಭಾವನೆ ಬೇರೂರಿತ್ತು. ರೋಮಿನ ಸಂತ ಪೇತ್ರರ ಮಹಾದೇವಾಲಯದ ನಿರ್ಮಾಣಕ್ಕಾಗಿ ಹಣ ಕೂಡಿಸಲು ದಂಡವಿಮೋಚನಾ ಪತ್ರಗಳನ್ನು ಹಂಚಿದ ರೀತಿಯಂತೂ ವ್ಯಾಪಾರದ ಮಟ್ಟಕ್ಕೆ ಇಳಿದಿತ್ತು. 1517ರಲ್ಲಿ ಲೂಥರನು ತನ್ನ 95 ವಾದಗಳನ್ನು ಮುಂದಿಟ್ಟದ್ದು ಇದನ್ನು ಖಂಡಿಸಿಯೇ. ಆದರೆ ಅವನ ಒಳಗಿನ ಕಳವಳ ಇನ್ನೂ ಆಳವಾದದ್ದು. ಎಷ್ಟು ಉಪವಾಸ ಮಾಡಿದರೂ ಎಷ್ಟು ಬಾರಿ ಪಾಪನಿವೇದನೆ ಮಾಡಿದರೂ ದೇವರು ತನ್ನನ್ನು ಒಪ್ಪಿಕೊಂಡರೆಂಬ ನೆಮ್ಮದಿ ಅವನಿಗೆ ದೊರಕಲಿಲ್ಲ. ಕೊನೆಗೆ ಸಂತ ಪೌಲರು ರೋಮನರಿಗೆ ಬರೆದ ಪತ್ರದಲ್ಲಿ ಅವನಿಗೆ ಬಾಗಿಲು ತೆರೆಯಿತು. ದೇವರ ನೀತಿ ಎಂಬುದು ದೇವರು ನಮ್ಮನ್ನು ಅಳೆಯುವ ಕೋಲಲ್ಲ, ಕ್ರಿಸ್ತರಲ್ಲಿ ನಮಗೆ ಕೊಡುವ ವರ ಎಂದು ಅವನು ಅರಿತನು. ಅದೇ ಪತ್ರದ ಐದನೆಯ ಅಧ್ಯಾಯದ ಆರಂಭದಲ್ಲಿ ಪೌಲರು, ವಿಶ್ವಾಸದಿಂದ ನೀತಿವಂತರೆನಿಸಿದವರಿಗೆ ಯೇಸುಕ್ರಿಸ್ತರ ಮುಖಾಂತರ ದೇವರೊಡನೆ ಸಮಾಧಾನ ಉಂಟೆಂದು ಸಾರುತ್ತಾರೆ.

ಇಷ್ಟರ ಮಟ್ಟಿಗೆ ಕಥೋಲಿಕ ಧರ್ಮಸಭೆ ಹೇಳಬೇಕಾದದ್ದೂ ಇದೇ ಆಗಿತ್ತು. 1541ರಲ್ಲಿ ರೇಗೆನ್ಸ್‌ಬುರ್ಗ್ ನಗರದಲ್ಲಿ ಎರಡೂ ಕಡೆಯ ಪಂಡಿತರು ಕಲೆತು ನೀತೀಕರಣದ ವಿಷಯದಲ್ಲಿ ಒಂದು ಒಪ್ಪಂದದ ಬರಹವನ್ನು ಸಿದ್ಧಪಡಿಸಿದ್ದರು. ಜಗದ್ಗುರುಗಳ ಪ್ರತಿನಿಧಿ ಕಾರ್ಡಿನಲ್ ಕೊಂತಾರಿನಿಯವರೂ ಲೂಥರನ ಸಂಗಡಿಗ ಮೆಲಾಂಕ್ತನನೂ ಆ ಸಭೆಯಲ್ಲಿದ್ದರು. ಆದರೆ ಇತರ ವಿಷಯಗಳಲ್ಲಿ ಮಾತುಕತೆ ಮುರಿದುಬಿತ್ತು. ರೋಮ್ ಆಗಲಿ ಲೂಥರನಾಗಲಿ ಆ ಬರಹವನ್ನು ಒಪ್ಪಲಿಲ್ಲ. 1547ರ ಜನವರಿ 13ರಂದು ಟ್ರೆಂಟ್ ಮಹಾಸಭೆಯು 16 ಅಧ್ಯಾಯಗಳೂ 33 ನಿಯಮಗಳೂ ಇರುವ ತನ್ನ ನಿರ್ಣಯವನ್ನು ಪ್ರಕಟಿಸಿತು.

ಟ್ರೆಂಟ್ ಮಹಾಸಭೆ ಎಂದೊಡನೆ ಸತ್ಕ್ರಿಯೆಗಳಿಂದ ರಕ್ಷಣೆಯನ್ನು ಸಂಪಾದಿಸಬಹುದೆಂದು ಬೋಧಿಸಿದ ಸಭೆ ಎಂದು ಅನೇಕರು ಭಾವಿಸುತ್ತಾರೆ. ಇದು ತಪ್ಪು. ಅದರ ಮೊದಲನೆಯ ನಿಯಮವೇ, ಕ್ರಿಸ್ತರ ವರಪ್ರಸಾದವಿಲ್ಲದೆ ತನ್ನ ಸ್ವಂತ ಕಾರ್ಯಗಳಿಂದ ಮಾನವನು ನೀತಿವಂತನಾಗಬಲ್ಲನೆಂಬ ಬೋಧನೆಯನ್ನು ತಳ್ಳಿಹಾಕುತ್ತದೆ. ಮಹಾಸಭೆಯು ಕಾಪಾಡಲು ಬಯಸಿದ್ದು ಇನ್ನೊಂದು ಸತ್ಯವನ್ನು: ದೇವರು ಪಾಪಿಯನ್ನು ಕ್ಷಮಿಸುವಾಗ ಕೇವಲ ತೀರ್ಪನ್ನು ಓದಿ ಮುಗಿಸುವುದಿಲ್ಲ, ಅವನನ್ನು ಒಳಗಿನಿಂದ ಹೊಸದಾಗಿಸುತ್ತಾರೆ. ಹೀಗೆ ಹೊಸದಾದ ಮನುಷ್ಯನು ವರಪ್ರಸಾದದ ಬಲದಿಂದಲೇ ದೇವರಿಗೆ ಓಗೊಡುತ್ತಾನೆ, ಪ್ರೀತಿಯಲ್ಲಿ ಬೆಳೆಯುತ್ತಾನೆ. ದಂಡವಿಮೋಚನೆಯ ಹೆಸರಿನ ಹಣದ ವ್ಯವಹಾರವನ್ನೂ 1563ರಲ್ಲಿ ಅದೇ ಮಹಾಸಭೆ ನಿಷೇಧಿಸಿತು.

ಯೂರೋಪಿನ ಈ ಎರಡು ಉತ್ತರಗಳು ಎರಡು ಬೇರೆ ದಾರಿಗಳಲ್ಲಿ ನಮ್ಮ ನಾಡಿಗೆ ಬಂದವು. ಮೊದಲನೆಯ ದಾರಿ ಗೋವೆಯದು. ಮುದಗಲ್ಲಿನ ದೇವಾಲಯವನ್ನು ಯೇಸುಸಭೆಯ ಗುರುಗಳು 1557ಕ್ಕೂ ಮೊದಲೇ ಕಟ್ಟಿದರೆಂದು ಹೇಳಲಾಗುತ್ತದೆ. ಅಲ್ಲಿಯ ಕಥೋಲಿಕರಿಗೆ ಬಿಜಾಪುರದ ಅರಸರು ದತ್ತಿಗಳನ್ನು ಕೊಟ್ಟರೆಂದು ಗೆಜೆಟಿಯರುಗಳು ದಾಖಲಿಸಿವೆ. ಟ್ರೆಂಟ್ ಮಹಾಸಭೆ ಇನ್ನೂ ಮುಗಿಯದಿದ್ದ ಕಾಲವದು. ರಾಯನು ಬಾರದ ಸುಲ್ತಾನನಿಗಾಗಿ ಹೋಗಿದ್ದ ಅದೇ ಮುದಗಲ್ಲಿನಲ್ಲಿ, ಸುಲ್ತಾನನ ವಂಶಸ್ಥರ ಆಶ್ರಯದಲ್ಲಿ ಬಲಿಪೂಜೆಯ ಗಂಟೆ ಮೊಳಗಿತೆಂಬುದು ಇತಿಹಾಸದ ಒಂದು ಸೋಜಿಗ. ಇಂದು ಬಳ್ಳಾರಿ ಧರ್ಮಕ್ಷೇತ್ರಕ್ಕೆ ಸೇರಿದ ರಾಯಚೂರು ಜಿಲ್ಲೆಯ ಕಥೋಲಿಕ ವಿಶ್ವಾಸದ ಹಳೆಯ ಬೇರು ಅಲ್ಲಿದೆ.

ಎರಡನೆಯ ದಾರಿ ಸುಧಾರಣಾ ಸಭೆಗಳದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಿಸುವ ಮಹತ್ಕಾರ್ಯವನ್ನು ಕೈಗೊಂಡರು. ಪೂರ್ಣ ಬೈಬಲ್ 1831ರ ಹೊತ್ತಿಗೆ ಮುದ್ರಣಗೊಂಡಿತು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೂ ಅಲ್ಲಿಂದ ಧಾರವಾಡ, ಹುಬ್ಬಳ್ಳಿಗಳಿಗೂ ಬಂದಿತು. ನಿಜಾಮರ ಆಳ್ವಿಕೆಯ ಬೀದರ, ಕಲಬುರಗಿ, ರಾಯಚೂರು ಸೀಮೆಗಳಲ್ಲಿ ಸೇವೆ ಸಲ್ಲಿಸಿದವರು ಮುಖ್ಯವಾಗಿ ಅಮೆರಿಕದ ಮೆಥಡಿಸ್ಟರು. ಮೆಥಡಿಸ್ಟ್ ಚಳವಳಿಯ ಮೂಲವನ್ನು ನೋಡಿದರೆ ಅಲ್ಲಿಯೂ ಅದೇ ರೋಮನರ ಪತ್ರವಿದೆ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಪ್ರಾರ್ಥನಾಕೂಟದಲ್ಲಿ, ಆ ಪತ್ರಕ್ಕೆ ಲೂಥರನು ಬರೆದ ಮುನ್ನುಡಿಯನ್ನು ಓದುವುದನ್ನು ಕೇಳುತ್ತಿದ್ದಾಗ, ಜಾನ್ ವೆಸ್ಲಿಯವರಿಗೆ ತನ್ನ ಪಾಪಗಳೂ ಕ್ಷಮಿಸಲ್ಪಟ್ಟಿವೆ ಎಂಬ ಭರವಸೆ ಹೃದಯದಲ್ಲಿ ಮೂಡಿತು.

ಹೀಗೆ ಒಂದೇ ಊರಿನಲ್ಲಿ, ಒಂದೇ ಓಣಿಯಲ್ಲಿ, ಕೆಲವೊಮ್ಮೆ ಒಂದೇ ಕುಟುಂಬದಲ್ಲಿ ಕಥೋಲಿಕರೂ ಮೆಥಡಿಸ್ಟರೂ ಬಾಳುವಂತಾಯಿತು. ಇವರ ಮಾತುಗಳೇ ಬೇರೆಯಾದವು. ಅವರು ನಂಬಿಕೆ ಎಂದರು, ನಾವು ವಿಶ್ವಾಸ ಎಂದೆವು. ಅವರು ಕೃಪೆ ಎಂದರು, ನಾವು ವರಪ್ರಸಾದ ಎಂದೆವು. ಅವರ ಹಳೆಯ ಸತ್ಯವೇದದಲ್ಲಿ ಮನುಷ್ಯನು ನೀತಿವಂತನೆಂದು ನಿರ್ಣಯಿಸಲ್ಪಡುತ್ತಾನೆ, ನಾವು ಓದುವ ಹೊಸ ಅನುವಾದದಲ್ಲಿ ದೇವರೊಡನೆ ಸತ್ಸಂಬಂಧವನ್ನು ಪಡೆಯುತ್ತಾನೆ. ಮೊದಲನೆಯದು ನ್ಯಾಯಾಲಯದ ಮಾತು, ಎರಡನೆಯದು ಮನೆಯ ಮಾತು. ಎರಡೂ ಪೌಲರ ಒಂದೇ ಪದವನ್ನು ಹಿಡಿಯಲು ಚಾಚಿದ ಕೈಗಳು. ಆದರೆ ಹಳ್ಳಿಯಲ್ಲಿ ಈ ಭೇದ ಪದಗಳಲ್ಲಿಯೇ ನಿಲ್ಲುವುದಿಲ್ಲ. ಮದುವೆಯ ಮಾತು ಬಂದಾಗ, ಸಮಾಧಿಯ ಸ್ಥಳದ ಪ್ರಶ್ನೆ ಬಂದಾಗ, ಅವರಿಗೆ ಸತ್ಕ್ರಿಯೆ ಬೇಡವಂತೆ, ಇವರಿಗೆ ಕ್ರಿಸ್ತರೊಬ್ಬರು ಸಾಲದಂತೆ ಎಂಬ ಮೂದಲಿಕೆಗಳು ಇಂದಿಗೂ ಕೇಳಿಬರುತ್ತವೆ.

ಈ ಮೂದಲಿಕೆಗಳಿಗೆ ಈಗ ಆಧಾರವಿಲ್ಲ ಎಂಬುದನ್ನು ನಮ್ಮ ಜನರು ತಿಳಿಯಬೇಕು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಬಳಿಕ, 1967ರಿಂದ ಲೂಥರನ್ನರೊಡನೆಯೂ ಮೆಥಡಿಸ್ಟರೊಡನೆಯೂ ಕಥೋಲಿಕ ಧರ್ಮಸಭೆ ಕ್ರಮಬದ್ಧವಾದ ಸಂವಾದವನ್ನು ನಡೆಸಿಕೊಂಡು ಬಂದಿತು. ಅದರ ಫಲವಾಗಿ 1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬುರ್ಗ್ ನಗರದ ಸಂತ ಅನ್ನಳ ದೇವಾಲಯದಲ್ಲಿ, ನೀತೀಕರಣ ಸಿದ್ಧಾಂತದ ಜಂಟಿ ಘೋಷಣೆಗೆ ಕಥೋಲಿಕ ಧರ್ಮಸಭೆಯ ಪರವಾಗಿ ಕಾರ್ಡಿನಲ್ ಕ್ಯಾಸಿಡಿಯವರೂ ಲೂಥರನ್ ವಿಶ್ವ ಒಕ್ಕೂಟದ ಪರವಾಗಿ ಬಿಷಪ್ ಕ್ರಿಸ್ಟಿಯಾನ್ ಕ್ರೌಸೆಯವರೂ ಸಹಿ ಹಾಕಿದರು. 1518ರಲ್ಲಿ ವಿಚಾರಣೆಗೆ ಬಂದ ಲೂಥರನು ತಂಗಿದ್ದ ಮಠದ ದೇವಾಲಯವೇ ಅದು. 2006ರ ಜುಲೈ 23ರಂದು ದಕ್ಷಿಣ ಕೊರಿಯದ ಸೋಲ್ ನಗರದಲ್ಲಿ ವಿಶ್ವ ಮೆಥಡಿಸ್ಟ್ ಪರಿಷತ್ತು ಈ ಘೋಷಣೆಗೆ ತನ್ನ ಸಮ್ಮತಿಯನ್ನು ಕೂಡಿಸಿತು. ಆಂಗ್ಲಿಕನ್ನರು 2016ರಲ್ಲಿ ಅದರ ಸಾರವನ್ನು ಅಂಗೀಕರಿಸಿದರು, ರಿಫಾರ್ಮ್ಡ್ ಸಭೆಗಳ ವಿಶ್ವ ಒಕ್ಕೂಟ 2017ರಲ್ಲಿ ಸೇರಿಕೊಂಡಿತು. ಆದುದರಿಂದ ರಾಯಚೂರಿನ ಮೆಥಡಿಸ್ಟನಿಗೂ ಬಳ್ಳಾರಿಯ ದಕ್ಷಿಣ ಭಾರತ ಸಭೆಯವನಿಗೂ ಮುದಗಲ್ಲಿನ ಕಥೋಲಿಕನಿಗೂ ಈ ವಿಷಯದಲ್ಲಿ ಒಂದು ಸಮಾನವಾದ ಆಧಾರವಿದೆ.

ಆ ಘೋಷಣೆಯ ತಿರುಳನ್ನು ಸರಳವಾಗಿ ಹೀಗೆ ಹೇಳಬಹುದು. ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಕೇವಲ ದೇವರ ವರಪ್ರಸಾದದಿಂದ, ಕ್ರಿಸ್ತರ ರಕ್ಷಣಾಕಾರ್ಯದಲ್ಲಿ ಇಡುವ ವಿಶ್ವಾಸದಲ್ಲಿ ದೇವರು ನಮ್ಮನ್ನು ಸ್ವೀಕರಿಸುತ್ತಾರೆ. ಹಾಗೆ ಸ್ವೀಕರಿಸುವಾಗಲೇ ಪವಿತ್ರಾತ್ಮರನ್ನು ಕೊಟ್ಟು ಹೃದಯವನ್ನು ನವೀಕರಿಸಿ ಸತ್ಕಾರ್ಯಗಳಿಗೆ ಅಣಿಗೊಳಿಸುತ್ತಾರೆ. ಸತ್ಕ್ರಿಯೆಯು ಬೇರಲ್ಲ, ಫಲ. ಬೇರಿಲ್ಲದೆ ಫಲವಿಲ್ಲ. ಫಲವೇ ಇಲ್ಲದ ವಿಶ್ವಾಸವು ಸತ್ತದ್ದೆಂದು ಸಂತ ಯಾಕೋಬರು ಎಚ್ಚರಿಸುತ್ತಾರೆ. ಈ ಘೋಷಣೆಯಲ್ಲಿ ಹೇಳಿರುವ ಬೋಧನೆಗೆ 16ನೆಯ ಶತಮಾನದ ಪರಸ್ಪರ ಖಂಡನೆಗಳು ಅನ್ವಯಿಸುವುದಿಲ್ಲವೆಂದೂ ಎರಡೂ ಪಕ್ಷದವರು ಸಾರಿದರು.

ನಮ್ಮ ಸೀಮೆಯ ರೈತರಿಗೆ ಇದನ್ನು ಒಂದು ಹೋಲಿಕೆಯಿಂದ ತಿಳಿಸಬಹುದು. ಮಳೆ ಕೈಕೊಟ್ಟು ಸಾಲದಲ್ಲಿ ಮುಳುಗಿದವನಿಗೆ ಸಾಲಮನ್ನಾ ಎಂಬುದು ದೊಡ್ಡ ಬಿಡುಗಡೆ. ಅದನ್ನು ಅವನು ಗಳಿಸಲಿಲ್ಲ, ಅದು ಅವನಿಗೆ ದೊರಕಿತು. ಲೂಥರನು ಎತ್ತಿಹಿಡಿದ ಸತ್ಯವಿದು. ಆದರೆ ಖಾತೆ ಅಳಿಸಿಹೋದ ಮೇಲೂ ಬೀಜವಿಲ್ಲದೆ, ನೀರಿಲ್ಲದೆ, ಎತ್ತಿಲ್ಲದೆ ಅವನು ಬರಿಗೈಯಲ್ಲಿ ಬದುವಿನ ಮೇಲೆ ನಿಂತರೆ ಮುಂದಿನ ವರ್ಷ ಮತ್ತೆ ಅದೇ ಸಾಲಗಾರನ ಬಾಗಿಲಿಗೆ ಹೋಗಬೇಕಾಗುತ್ತದೆ. ಕ್ಷಮಿಸುವ ದೇವರು ಬೀಜವನ್ನೂ ನೀರನ್ನೂ ಕೊಟ್ಟು ಉಳುವ ಕೈಗೆ ಬಲವನ್ನೂ ತುಂಬುತ್ತಾರೆ. ಟ್ರೆಂಟ್ ಮಹಾಸಭೆ ಎತ್ತಿಹಿಡಿದ ಸತ್ಯವಿದು. ಪಾವಿತ್ರ್ಯದಲ್ಲಿ ಬೆಳೆಯಬೇಕೆಂದು ವೆಸ್ಲಿಯವರು ಜೀವನವಿಡೀ ಬೋಧಿಸಿದ್ದೂ ಇದನ್ನೇ. ಮನ್ನಾ ಮತ್ತು ಬೀಜ, ಎರಡೂ ಒಂದೇ ಕೈಯಿಂದ ಬರುವ ದಾನಗಳು.

ವರಪ್ರಸಾದದ ಮಾತು ಈ ಮಣ್ಣಿಗೆ ತೀರ ಹೊಸದೇನಲ್ಲ. ಮಾನ್ವಿಯ ಜಗನ್ನಾಥದಾಸರೂ ಚೀಕಲಪರ್ವಿಯ ವಿಜಯದಾಸರೂ ಭಗವಂತನ ಪ್ರಸಾದವನ್ನು ಹಾಡಿದ ನಾಡಿದು. ಅವರ ಸಿದ್ಧಾಂತ ಬೇರೆ, ನಮ್ಮದು ಬೇರೆ. ಅವೆರಡನ್ನೂ ಬೆರೆಸುವುದು ಇಬ್ಬರಿಗೂ ಮಾಡುವ ಅನ್ಯಾಯ. ಆದರೂ ಮನುಷ್ಯನು ತನ್ನ ಬಲದಿಂದಲೇ ದಡ ಸೇರಲಾರನೆಂಬ ಅರಿವು ಇಲ್ಲಿಯ ಹೃದಯಗಳಿಗೆ ಅಪರಿಚಿತವಲ್ಲ ಎಂಬುದನ್ನು ನಾವು ಗೌರವದಿಂದ ನೆನೆಯಬಹುದು.

ಎಲ್ಲ ಭೇದಗಳೂ ತೀರಿವೆಯೆಂದು ಹೇಳುವಂತಿಲ್ಲ. ಪರಮಪ್ರಸಾದದ ಪೀಠವನ್ನು ನಾವು ಇನ್ನೂ ಒಟ್ಟಾಗಿ ಸುತ್ತುವರಿಯಲಾರೆವು. ಧರ್ಮಸಭೆ, ಗುರುದೀಕ್ಷೆ ಮೊದಲಾದ ವಿಷಯಗಳಲ್ಲಿ ದಾರಿ ಇನ್ನೂ ಉದ್ದವಿದೆ. ಆದರೆ ಮೆಥಡಿಸ್ಟರು ಕ್ರಮಬದ್ಧವಾಗಿ ಕೊಟ್ಟ ದೀಕ್ಷಾಸ್ನಾನವನ್ನು ನಮ್ಮ ಧರ್ಮಸಭೆ ಮಾನ್ಯಮಾಡುತ್ತದೆ, ಮತ್ತೆ ಕೊಡುವುದಿಲ್ಲ. ನೆರೆಮನೆಯವನು ಅದೇ ತ್ರ್ಯೇಕ ದೇವರ ಹೆಸರಿನಲ್ಲಿ ಮಿಂದವನು. ಪ್ರತಿ ಜನವರಿ 18ರಿಂದ 25ರವರೆಗೆ ನಡೆಯುವ ಐಕ್ಯತಾ ಪ್ರಾರ್ಥನಾ ಸಪ್ತಾಹದಲ್ಲಿ ಕೂಡಿ ಪ್ರಾರ್ಥಿಸಲು, ಬರಗಾಲದಲ್ಲಿ ಕೂಡಿ ದುಡಿಯಲು, ಸಾವಿನ ಮನೆಯಲ್ಲಿ ಕೂಡಿ ಅಳಲು ಯಾವ ಅಡ್ಡಿಯೂ ಇಲ್ಲ. ದೇವರೊಡನೆ ಸಮಾಧಾನವನ್ನು ಪಡೆದೆವೆಂದು ಹೇಳುವವರು ಒಬ್ಬರೊಡನೊಬ್ಬರು ಮಾತು ಬಿಟ್ಟು ಕುಳಿತರೆ ಆ ಸಮಾಧಾನವನ್ನು ನಂಬುವವರಾರು?

ಇನ್ನೊಂದು ಮಾತು, ಓದುಗರೇ. ಮಗು ಕಾಯಿಲೆ ಬಿದ್ದಾಗ, ಬೆಳೆ ಒಣಗಿದಾಗ, ದೇವರು ಮುನಿದಿದ್ದಾರೆ, ಏನು ಕೊಟ್ಟರೆ ಶಾಂತರಾಗುತ್ತಾರೆ ಎಂದು ಕೇಳುವ ಜನರು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದ್ದಾರೆ. ಹರಕೆ, ಪೂಜೆ, ಕಾಣಿಕೆಗಳು ಕೃತಜ್ಞತೆಯ ಗುರುತುಗಳಾಗಿರುವವರೆಗೆ ಒಳ್ಳೆಯವು. ಅವು ಕಪ್ಪವಾಗಿ ಮಾರ್ಪಟ್ಟ ಗಳಿಗೆಯಲ್ಲಿ ಶುಭಸಂದೇಶವು ಮರೆಯಾಗುತ್ತದೆ. ಐನೂರು ವರ್ಷಗಳ ಹಿಂದಿನ ಆ ವಾದವಿವಾದ ಪಂಡಿತರ ಜಗಳವಷ್ಟೇ ಅಲ್ಲ. ರಾತ್ರಿ ನಿದ್ದೆ ಬಾರದ ತಾಯಿಯೊಬ್ಬಳು ದೇವರನ್ನು ಸಾಲಿಗನೆಂದು ಕಾಣಬೇಕೇ, ತಂದೆಯೆಂದು ಕಾಣಬೇಕೇ ಎಂಬುದು ಅದರಲ್ಲಿ ಅಡಗಿದೆ.

ಎಡೆದೊರೆ ನಾಡಿನ ಅರಸನು ಸಮಾಧಾನಕ್ಕಾಗಿ ತನ್ನ ಪಾದವನ್ನು ಮುಂದೆ ಚಾಚಿದನು. ನಮ್ಮ ಪ್ರಭುವಾದರೋ ತಮ್ಮ ಮರಣದ ಹಿಂದಿನ ರಾತ್ರಿ ಸೊಂಟಕ್ಕೆ ಅಂಗವಸ್ತ್ರವನ್ನು ಕಟ್ಟಿಕೊಂಡು, ತಮ್ಮನ್ನು ಹಿಡಿದುಕೊಡಲಿದ್ದವನ ಪಾದವನ್ನೂ ತೊಳೆದರು. ಅಂಥವರ ಮುಂದೆ ನಾವು ಹಿಡಿದು ನಿಲ್ಲಬೇಕಾದ ಕಪ್ಪ ಯಾವುದೂ ಇಲ್ಲ. ಅವರನ್ನು ನಂಬಿ ಪಾದವನ್ನು ಅವರ ಕೈಗೆ ಒಪ್ಪಿಸುವುದು, ಆನಂತರ ಎದ್ದು ನೆರೆಯವನ ಪಾದವನ್ನು ತೊಳೆಯುವುದು, ಇಷ್ಟೇ ನಮ್ಮ ಪಾಲಿನ ಕೆಲಸ.