ಓಡುವ ಕುದುರೆಯೂ ಓದುವ ಮನುಷ್ಯನೂ

ಕಳೆದ ತಿಂಗಳು ಒಂದು ಸಂಜೆ ನೆರೆಮನೆಯ ಸ್ನೇಹಿತರು ಮುಖ ಸಪ್ಪಗೆ ಮಾಡಿಕೊಂಡು ಬಂದು ನಮ್ಮ ಜಗಲಿಯ ಮೇಲೆ ಕುಳಿತರು. ಅವರ ಮಗಳು ನನ್ನ ಹಳೆಯ ವಿದ್ಯಾರ್ಥಿನಿ. ಇಂಗ್ಲೆಂಡಿನ ವಿಶ್ವವಿದ್ಯಾನಿಲಯವೊಂದರಲ್ಲಿ ಕುದುರೆಗಳ ಕ್ರೀಡಾವಿಜ್ಞಾನ ಓದುತ್ತೇನೆಂದು ಹಟ ಹಿಡಿದಿದ್ದಾಳಂತೆ. “ಮೇಷ್ಟ್ರೆ, ರೇಸಿಗೆ ಹೋಗಿ ಮನೆಮಠ ಕಳೆದುಕೊಂಡವರನ್ನು ಕಂಡವನು ನಾನು. ಆ ಜೂಜಿಗೂ ಒಂದು ಪದವಿಯೆ? ನೀವಾದರೂ ಅವಳಿಗೆ ಬುದ್ಧಿ ಹೇಳಿ” ಎಂದರು.

ಬುದ್ಧಿ ಹೇಳುವ ಮೊದಲು ವಿಷಯ ತಿಳಿದುಕೊಳ್ಳೋಣವೆಂದು ಚರಿತ್ರೆಯ ಪುಸ್ತಕಗಳನ್ನು ತೆರೆದೆ. ಈ ವಿದ್ಯೆಯ ಬೇರನ್ನು ಹುಡುಕುತ್ತ ಹೋದವನು ಒಂದು ಸತ್ತ ಕುದುರೆಯ ಬಳಿ ಬಂದು ನಿಂತೆ.

1764ರ ಏಪ್ರಿಲ್ 1ರಂದು, ಸೂರ್ಯಗ್ರಹಣದ ದಿನ ಹುಟ್ಟಿದ್ದರಿಂದ ಆ ಕುದುರೆಗೆ ‘ಎಕ್ಲಿಪ್ಸ್’ ಎಂದೇ ಹೆಸರಿಟ್ಟರು. ನಮ್ಮವರಾಗಿದ್ದರೆ ಮೊದಲು ಗ್ರಹಣಶಾಂತಿ ಮಾಡಿಸುತ್ತಿದ್ದರು! ಅದರ ಒಡೆಯ ಡ್ಯೂಕ್ ಆಫ್ ಕಂಬರ್‌ಲೆಂಡ್ ಮರುವರ್ಷವೇ ತೀರಿಕೊಂಡ; ಮರಿ ಮಾಂಸದ ವ್ಯಾಪಾರಿಯೊಬ್ಬನ ಪಾಲಾಯಿತು. 1769ರಲ್ಲಿ ಎಪ್ಸಮ್ಮಿನ ಬಯಲಿನಲ್ಲಿ ಅದು ಮೊದಲ ಬಾರಿಗೆ ಓಡಿತು. ಒಟ್ಟು 18 ಪಂದ್ಯಗಳು, ಒಂದರಲ್ಲೂ ಸೋಲಿಲ್ಲ. ಇಂದು ಲೋಕದಲ್ಲಿ ಓಡುತ್ತಿರುವ ಥರೋಬ್ರೆಡ್ ಕುದುರೆಗಳಲ್ಲಿ ಬಹುಪಾಲು ಗಂಡುಸಂತತಿಯ ಕಡೆಯಿಂದ ಎಕ್ಲಿಪ್ಸಿನ ವಂಶದವೇ. 1789ರಲ್ಲಿ ಅದು ಹೊಟ್ಟೆಶೂಲೆಯಿಂದ ಸತ್ತಿತು.

ಶವವನ್ನು ಕೊಯ್ದು ನೋಡಿದವನು ಫ್ರಾನ್ಸಿನಿಂದ ಬಂದಿದ್ದ ಪಶುವೈದ್ಯ ವಿಯಾಲ್ ದ ಸೇನ್‌ಬೆಲ್. 1762ರಲ್ಲಿ ಲಿಯೋನಿನಲ್ಲಿ ಬಾಗಿಲು ತೆರೆದ ಪಶುವೈದ್ಯಶಾಲೆಯಲ್ಲಿ ಕಲಿತವನು. ಅಲ್ಲಿಯ ಸ್ಥಾಪಕ ಕ್ಲೋದ್ ಬೂರ್ಜೆಲಾ ಒಳ್ಳೆಯ ಕುದುರೆಯ ತಲೆ ಇಷ್ಟುದ್ದ, ಕುತ್ತಿಗೆ ಇಷ್ಟುದ್ದ ಎಂದು ಅಳತೆಗಳನ್ನು ಗೊತ್ತುಮಾಡಿದ್ದ. ನಮ್ಮ ದೇಶದಲ್ಲಿಯೂ ಶಾಲಿಹೋತ್ರನ ಹೆಸರಿನಲ್ಲಿ ಬೆಳೆದ ಅಶ್ವಶಾಸ್ತ್ರವು ರೋಗಚಿಕಿತ್ಸೆಯ ಜೊತೆಗೆ ಮೈಬಣ್ಣವನ್ನೂ ಸುಳಿಯನ್ನೂ ನೋಡಿ ಕುದುರೆಯ ಗುಣದೋಷ ಹೇಳುತ್ತಿತ್ತು. ಆದರೆ ಸೇನ್‌ಬೆಲ್ ಎಕ್ಲಿಪ್ಸಿನ ಅಂಗಾಂಗಗಳನ್ನು ಅಳೆದು ನೋಡಿದಾಗ, ಅವು ತನ್ನ ಗುರುವಿನ ಲೆಕ್ಕಕ್ಕೆ ಹೊಂದಲಿಲ್ಲ! ಚೆಲುವಿನ ಅಳತೆ ಬೇರೆ, ಓಟದ ಅಳತೆ ಬೇರೆ ಎಂದು ಅವನಿಗೆ ತೋರಿತು. ಒಂದು ನೆಗೆತಕ್ಕೆ 25 ಅಡಿ, ಸೆಕೆಂಡಿಗೆ ಎರಡೂ ಕಾಲಿಗಿಂತ ತುಸು ಹೆಚ್ಚು ನೆಗೆತ. ಹಾಗಾದರೆ 4 ಮೈಲಿಗೆ 6 ನಿಮಿಷ 2 ಸೆಕೆಂಡು ಎಂದು ಗಣಿತ ಹಾಕಿದ. ಅದರ ಹೃದಯ 14 ಪೌಂಡು ತೂಗಿತೆಂದು ಹೇಳುತ್ತಾರೆ.

ಈ ಕೆಲಸದಿಂದ ಸೇನ್‌ಬೆಲ್ಲನ ಹೆಸರು ಹರಡಿತು. 1791ರಲ್ಲಿ ಲಂಡನ್ನಿನಲ್ಲಿ ಪಶುವೈದ್ಯ ಕಾಲೇಜು ಸ್ಥಾಪನೆಯಾದಾಗ ಅವನೇ ಮೊದಲ ಪ್ರಾಧ್ಯಾಪಕನಾದ. ಎರಡೇ ವರ್ಷಗಳಲ್ಲಿ ತೀರಿಕೊಂಡ. ಕುದುರೆಗಳಿಂದ ಅಂಟಿದ ರೋಗವೇ ಕಾರಣವೆಂದು ಹೇಳಿಕೆ. ಎಕ್ಲಿಪ್ಸಿನದೆಂದು ಹೇಳುವ ಅಸ್ಥಿಪಂಜರ ಇಂದಿಗೂ ಆ ಕಾಲೇಜಿನಲ್ಲಿದೆ.

ಸತ್ತ ಕುದುರೆ ಇಷ್ಟು ಹೇಳಿತು. ಓಡುವ ಕುದುರೆಯನ್ನು ಕೇಳುವ ಬಗೆ ಹೇಗೆ? ಮನುಷ್ಯನ ಕಣ್ಣಿಗೆ ಆ ವೇಗ ಸಿಕ್ಕುತ್ತಿರಲಿಲ್ಲ. ಚಿತ್ರಕಾರರು ಶತಮಾನಗಳ ಕಾಲ ಮುಂಗಾಲು ಮುಂದಕ್ಕೂ ಹಿಂಗಾಲು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುವ ಕುದುರೆಯನ್ನೇ ಬರೆದರು. 1878ರಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಓಟವನ್ನು ಸೆರೆಹಿಡಿದ. ನಾಲ್ಕು ಕಾಲೂ ನೆಲ ಬಿಟ್ಟಿರುವುದು ನಿಜ. ಆದರೆ ಆಗ ಅವು ಚಾಚಿರುವುದಿಲ್ಲ, ಹೊಟ್ಟೆಯ ಕೆಳಗೆ ಮಡಿಚಿಕೊಂಡಿರುತ್ತವೆ! ಕಂಡದ್ದೆಲ್ಲ ನಿಜವಲ್ಲವೆಂದು ದೊಡ್ಡ ದೊಡ್ಡ ಕಲಾವಿದರೂ ಒಪ್ಪಬೇಕಾಯಿತು.

ಹೊರಗಿನ ಓಟ ಕಂಡಿತು, ಒಳಗಿನದು ಉಳಿಯಿತು. ಸ್ವೀಡನ್ನಿನ ಸೂನೆ ಪರ್ಸನ್ ಕುದುರೆಗಳನ್ನು ಟ್ರೆಡ್‌ಮಿಲ್ಲಿನ ಮೇಲೆ ಓಡಿಸಿ, ರಕ್ತದ ಪ್ರಮಾಣಕ್ಕೂ ದುಡಿಮೆಯ ಶಕ್ತಿಗೂ ಇರುವ ಸಂಬಂಧವನ್ನು 1967ರಲ್ಲಿ ಪ್ರಕಟಿಸಿದ. 1982ರಲ್ಲಿ ಆಕ್ಸ್‌ಫರ್ಡಿನಲ್ಲಿ ಈ ಶಾಸ್ತ್ರದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಹೀಗೆ ತಿಳಿದುಬಂದದ್ದು ಒಂದೆರಡಲ್ಲ. ನಿಂತಿರುವಾಗ ನಿಮಿಷಕ್ಕೆ 30-40 ಸಲ ಬಡಿಯುವ ಹೃದಯ ನಾಗಾಲೋಟದಲ್ಲಿ 220 ಸಲಕ್ಕೂ ಮೀರಿ ಬಡಿಯುತ್ತದೆ. ಗುಲ್ಮದಲ್ಲಿ ಕೂಡಿಟ್ಟಿದ್ದ ಕೆಂಪು ರಕ್ತಕಣಗಳು ಆಪದ್ಧನದಂತೆ ಹೊರಬರುತ್ತವೆ. ಆದರೆ ಮೂಗಿನ ಮೂಲಕ ನಳಿಕೆಯನ್ನು ಇಳಿಸಿ ನೋಡಿದ ವೈದ್ಯರಿಗೆ ಮತ್ತೊಂದು ಸಂಗತಿಯೂ ಕಂಡಿತು: ಹೊರಗೆ ಒಂದು ಹನಿ ರಕ್ತ ಕಾಣದಿದ್ದರೂ, ಓಡಿ ಬಂದ ಎಷ್ಟೋ ಪಂದ್ಯದ ಕುದುರೆಗಳ ಶ್ವಾಸಕೋಶದಲ್ಲಿ ರಕ್ತ ಒಸರಿತ್ತು. ಗೆದ್ದ ಕುದುರೆಗೆ ಜನ ಚಪ್ಪಾಳೆ ತಟ್ಟುತ್ತಿದ್ದಾಗ ಅದರ ಎದೆಯೊಳಗೆ ಏನಾಗುತ್ತಿತ್ತೆಂದು ಯಾರು ಬಲ್ಲವರಾಗಿದ್ದರು?

ಇಷ್ಟನ್ನೂ ಸ್ನೇಹಿತರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಈ ವಿದ್ಯೆ ಜೂಜುಗಾರನ ಕೈಗೆ ಸಿಗುವುದಿಲ್ಲವೆ?” ಎಂದು ಕೇಳಿದರು. ಸಿಗುವುದಿಲ್ಲವೆಂದು ನಾನು ಹೇಗೆ ಹೇಳಲಿ? ಇನ್ನೂ ಎಷ್ಟು ಓಡಿಸಬಹುದೆಂದು ಹೇಳುವ ಲೆಕ್ಕವೇ ಯಾವಾಗ ನಿಲ್ಲಿಸಬೇಕೆಂದೂ ಹೇಳುತ್ತದೆ. ಯಾವುದನ್ನು ಕೇಳಿಸಿಕೊಳ್ಳಬೇಕೆಂಬುದು ಓದಿದವರ ಮನಸ್ಸಿಗೆ ಬಿಟ್ಟದ್ದು.

ಬಾಗಿಲ ಬಳಿ ನಿಂತು ಕೇಳುತ್ತಿದ್ದ ಹುಡುಗಿ ಆಗ ಬಾಯಿಬಿಟ್ಟಳು: “ಮೇಷ್ಟ್ರೆ, ಎಕ್ಲಿಪ್ಸಿನ ಹೃದಯವನ್ನು ತೂಗಿದ್ದು ಅದು ಸತ್ತ ಮೇಲೆ. ಬದುಕಿರುವ ಕುದುರೆಯ ಎದೆಗೆ ಕಿವಿಗೊಡುವವರೂ ಬೇಕಲ್ಲವೆ?”

ತಂದೆ ನನ್ನ ಮುಖ ನೋಡಿದರು. ನನಗೆ ಹೇಳುವುದಕ್ಕೆ ಬುದ್ಧಿವಾದವೇನೂ ಉಳಿದಿರಲಿಲ್ಲ.